ಬರಾಕ ಆಗಂಗಿಲ್ಲ ಅಂತ ಹೇಳಾಕ ಖುದ್ದ ಬರ್ರಿ

ಅಂಗವಿಕಲರ ಅರ್ಜಿ ತುಂಬೋ ಕೆಲಸಕ್ಕ ಕೈ ಹಾಕಿದವ ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದ ಫೈಲ್ ಹಿಡಕೊಂಡು ಅವನ ಮನಿ ಬಾಗಲಿಗೆ ಬರ್ತದ. ನಾನು ಕಮಲಾಪುರದಾಗ ಈ ಕೆಲಸ ಹಿಡದು ಹನ್ನೊಂದು ವರ್ಷ ಆತು. ಸಣ್ಣಂವ ಇದ್ದಾಗ ಪೋಲಿಯೋ ಆಗಿ ನನ್ನ ಬಲಗಾಲಿಗೂ ಕಬ್ಬಿಣದ ಪಟ್ಟಿ ಬಂದದ. ಊರಾಗ ಎಲ್ಲಾರೂ ನನಗ 'ಅರ್ಜಿ ಮಾಸ್ತರ' ಅಂತಾರ. ಒಂದು ಕೂಸಿಗೂ ಅ ಆ ಕಲಿಸಿದವ ಅಲ್ಲ ನಾನು, ಆದ್ರೂ ಮಾಸ್ತರ.

ಈಗ ಹೇಳಾಕತ್ತಿದ್ದು ನಮ್ಮ ಓಣಿಯ ಬಳಿಗಾರ ಅಕ್ಕನ ಅರ್ಜಿ ಸುದ್ದಿ. ಆರು ವರ್ಷದ ಹಿಂದ ಮಾಳಿಗಿ ಮೆಟ್ಟಲದಿಂದ ಬಿದ್ದು ಅಕ್ಕಗ ಬೆನ್ನೆಲುಬು ಮುರೀತು. ಸೊಂಟದ ಕೆಳಗ ಚುಚ್ಚಿದ್ರೂ ಗೊತ್ತಾಗಂಗಿಲ್ಲ. ಆದ್ರ ಬಾಯಿ ಮತ್ತ ಕೈ ಮೊದಲಿನಕಿಂತ ಚುರುಕ ಆಗ್ಯಾವ. ಮಲಗಿದಲ್ಲೇ ಓಣಿ ಹೆಣ್ಣಮಕ್ಕಳ ಕೈಗೆ ಬಳಿ ಇಡಸ್ತಾಳ, ಇಡಸ್ಕೋತ ಎಲ್ಲಾರ ಮನಿ ಸುದ್ದಿ ತಗೀತಾಳ.

ಮೊದಲನೇ ಸಲ ಪ್ರಮಾಣಪತ್ರ ಮಾಡಸಾಕ ಆಕಿನ್ನ ಗಾದಿ ಸಮೇತ ಸಾಮಾನು ಸಾಗಸೋ ಆಟೋದಾಗ ಹಾಕ್ಕೊಂಡು ಕಲಬುರಗಿಗೆ ಹೋಗಿದ್ವಿ. ಎಲುಬಿನ ಡಾಕ್ಟರು ರಜಾ ಹಾಕಿದ್ರು, ಮುಂದಿನ ವಾರ ಬರ್ರಿ ಅಂದ್ರು. ಎರಡ ಸಲ ಆ ದಾರ್ಯಾಗ ಕುಲುಕಾಡಿ ಬೆನ್ನಿಗೆ ಹುಣ್ಣು ಬಿತ್ತು. ಅದು ಮಾಯಾಕ ನಾಕು ತಿಂಗಳು ಹಿಡೀತು, ಜೀವ ಉಳಿದಿದ್ದ ಹೆಚ್ಚು. ಅಷ್ಟ ಮಾಡಿ ಸಿಕ್ಕ ಪ್ರಮಾಣಪತ್ರದ ಅವಧಿ ಈಗ ಮುಗೀತು, ಮಾಸಾಶನ ನಿಂತುಹೋತು. ಬೆನ್ನಿಗೆ ಹಚ್ಚೋ ಔಷಧ, ಪಟ್ಟಿ ಎಲ್ಲಾ ಅದರಾಗ ಬರ್ತಿದ್ವು. ಮತ್ತ ತಪಾಸಣಿಗೆ ಬರಬೇಕಂತ ಕಾಗದ ಬಂತು.

"ತಮ್ಮಾ, ಮಾಸಾಶನ ಹೋದ್ರ ಹೋಗಲಿ. ಆ ಆಟೋ ಮಾತ್ರ ನಾ ಹತ್ತಂಗಿಲ್ಲ," ಅಂದ್ಲು ಅಕ್ಕ. ಹಂಗ ಅನ್ನೋವಾಗ ಆಕಿ ನಗಲಿಲ್ಲ. ಅವತ್ತ ನಾನು ಬರದೆ: ಡಾಕ್ಟರು ಮನಿಗೇ ಬಂದು ನೋಡಬೇಕು, ಇಲ್ಲಾ ಫೋನಿನಾಗ ನೋಡಬೇಕು, ಇಲ್ಲಾ ಇಲ್ಲಿ ಡಾಕ್ಟರು ಕೊಟ್ಟ ಕಾಗದಾನ ಒಪ್ಪಬೇಕು.

ಖುದ್ದ

ಆ ಅರ್ಜಿ ತಗೊಂಡು ಕಲಬುರಗಿಗೆ ಹೋದೆ. ಕಚೇರಿ ಎರಡನೇ ಮಾಳಿಗಿ ಮ್ಯಾಲ. ಅಂಗವಿಕಲರ ಅರ್ಜಿ ತಗೊಳ್ಳೋ ಜಾಗಾ ಅಷ್ಟ ಎತ್ತರ ಇರಬೇಕಂತ ಯಾರಿಗೆ ಹೊಳೀತೋ, ಆ ಪುಣ್ಯಾತ್ಮಗ ನಮಸ್ಕಾರ. ಕಾಲಿನ ಪಟ್ಟಿ ಕಟಕಟ ಅನ್ನಿಸ್ಕೋತ ಹತ್ತಿದೆ.

ಅಲ್ಲಿ ಗುಮಾಸ್ತರು ಅರ್ಜಿ ಪೂರಾ ಓದಿದ್ರು, ತಲಿ ಅಲ್ಲಾಡಿಸಿದ್ರು, ಆಮ್ಯಾಲ ಅರ್ಜಿದಾರರು ಎಲ್ಲೆದಾರ ಅಂತ ನನ್ನ ಬೆನ್ನ ಹಿಂದ ನೋಡಿದ್ರು. ಬಂದಿಲ್ಲರಿ, ಬರಾಕ ಆಗಂಗಿಲ್ಲ ಅಂತನ ಈ ಅರ್ಜಿ ಅಂದೆ. ಇಂಥಾ ಅರ್ಜಿ ಅರ್ಜಿದಾರರ ಖುದ್ದ ಬಂದು ಕೊಡಬೇಕು, ಅದು ಪದ್ಧತಿ ಅಂದ್ರು ಅವರು. ಸಿಟ್ಟು ನೆತ್ತಿಗೇರಿತು. ಸಿಟ್ಟು ಮಾಡಿದ್ರ ಫೈಲು ಕೆಳಗಿನ ಕಪಾಟು ಸೇರ್ತದ ಅಂತ ಹನ್ನೊಂದು ವರ್ಷದಾಗ ಕಲತೀನಿ. ಮೆತ್ತಗ, "ಆತ್ರೀ ಸರ, ಅದನ್ನ ಒಂದು ಕಾಗದದಾಗ ಬರದು ಕೊಡ್ರಿ, ಅಕ್ಕಗ ತೋರಿಸ್ತೀನಿ" ಅಂದೆ.

ಅವರು ಪೆನ್ನು ತಗೊಂಡು ಬರಿಯಾಕ ಸುರು ಮಾಡಿದ್ರು. 'ತಮಗೆ ಬರಲು ಸಾಧ್ಯವಿಲ್ಲವೆಂಬುದನ್ನು ತಿಳಿಸಲು ತಾವು ಖುದ್ದಾಗಿ ಬರತಕ್ಕದ್ದು.' ಬರದಿದ್ದನ್ನ ಒಮ್ಮೆ ಓದಿದ್ರು. ಚಷ್ಮಾ ತಗದು ಒರಸಿ ಇನ್ನೊಮ್ಮೆ ಓದಿದ್ರು. ಕಾಗದ ಹರದು ಬುಟ್ಟಿಗೆ ಹಾಕಿ, ನನ್ನ ಅರ್ಜಿಗೆ ಠಪ್ಪಂತ ಶಿಕ್ಕಾ ಹೊಡದು, "ಚಹಾ ಕುಡೀತೀರೇನ್ರಿ?" ಅಂದ್ರು.

ಫೋನಿನಾಗ ಮೊಣಕಾಲು

ಎಂಟು ದಿನ ಆದ ಮ್ಯಾಲ, ಮೊದಲ ಫೋನಿನಾಗ ನೋಡೋಣ ಅಂತ ಹೇಳಿ ಕಳಿಸಿದ್ರು. ಅಕ್ಕನ ಕೋಲ್ಯಾಗ ನೆಟ್‌ವರ್ಕ್ ಕಿಟಕಿ ಹತ್ರ ಅಷ್ಟ ಸಿಗ್ತದ. ಅದಕ್ಕ ಆಟೋ ಚಾಚಾ ಫೋನ್ ಹಿಡಕೊಂಡು ಕಿಟಕ್ಯಾಗ ನಿಂತ. ಆ ಹಳಿ ಆಟೋದ ಚಾಚಾನ ಇಂವ. ತನ್ನ ಗಾಡ್ಯಾಗ ಅಕ್ಕಗ ಹುಣ್ಣಾತಲ್ಲ ಅಂತ ಇನ್ನೂ ಜೀವಕ್ಕ ಹಚ್ಚಿಕೊಂಡಾನ. ಡಾಕ್ಟರು ಫೋನಿನಾಗ ಕಂಡ ಕೂಡಲೇ ಇಂವ ಸಲಾಂ ಮಾಡಾಕ ಕೈ ಎತ್ತಿದ, ಫೋನು ಕೆಳಗ ಬಿತ್ತು.

ಎತ್ತಿ ಹಿಡಿಯೋದ್ರಾಗ ಹಿಂದಿನ ಮನಿ ಆಯಿ ಬಂದು ನಡುವ ನಿಂತ್ಲು. ದೊಡ್ಡ ಡಾಕ್ಟರು ಪುಕ್ಕಟ ಸಿಕ್ಕಾರ, ಬಿಡ್ತಾಳೇನು? ಸೀರಿ ಎತ್ತಿ ಮೊಣಕಾಲು ತೋರಿಸಿ, ಯಾವಾಗಿಂದ ನೋವು, ಯಾವ ಎಣ್ಣಿ ಹಚ್ಚಿದೆ, ಸೊಸಿ ತಿಕ್ಕಂಗಿಲ್ಲ ಅನ್ನೋದು ಎಲ್ಲಾ ಹೇಳಿದ್ಲು. ಡಾಕ್ಟರು ಬಾಳ ಒಳ್ಳೇವ್ರು, ಸಮಾಧಾನದಿಂದ ಕೇಳಿ, ಕಾಲು ಮಡಚರಿ, ಚಾಚರಿ, ನಾಕು ಹೆಜ್ಜಿ ನಡೀರಿ ಅಂತ ಎಲ್ಲಾ ಮಾಡಿಸಿದ್ರು. ಆಯಿನ್ನ ಸರಿಸಿ ಅಕ್ಕನ ಕಡೆ ಫೋನ್ ತಿರಗಿಸಿದ್ವಿ, ಬ್ಯಾಟರಿ ಮುಗೀತು.

ನಾಕು ದಿನಕ್ಕ ವರದಿ ಬಂತು. ಅರ್ಜಿದಾರರ ತಪಾಸಣೆ ಮಾಡಲಾಗಿದ್ದು, ಎಡ ಮೊಣಕಾಲು ಸವೆದಿರುವುದು ಕಂಡುಬಂದಿದೆ, ನಡಿಗೆ ಸರಿಯಾಗಿದೆ ಅಂತ. ಇದ ಖಾಯಂ ಆದ್ರ ಆಕಿ ಔಷಧದ ಆಸಿ ಬಿಟ್ಟಂಗನ. ಹೆದರಕೋತ ಓದಿ ಹೇಳಿದೆ. ಅಕ್ಕ ಅಂದ್ಲು, "ಆಯಿ ಮೊಣಕಾಲು ನನ್ನ ಫೈಲಿಗೆ ಬಂತು. ಅದರ ನೋವೂ ಬಂದ್ರ ಕಳಸು ತಮ್ಮಾ, ಆ ಕಾಲಾಗ ಏನರ ಗೊತ್ತಾಗಿ ಆರು ವರ್ಷ ಆತು."

ಬಿಡುವು

ಮರುದಿನ ವರದಿ ಹಿಡಕೊಂಡು ಮತ್ತ ಮಾಳಿಗಿ ಹತ್ತಿದೆ. ಈ ಸಲ ಗುಮಾಸ್ತರ ನನ್ನ ಜೋಡಿ ಡಾಕ್ಟರ ಕಡೆ ಬಂದ್ರು. ಮೊಣಕಾಲಿನ ಕತಿ ಕೇಳಿ ಡಾಕ್ಟರು ಕಣ್ಣಾಗ ನೀರು ಬರೋ ಹಂಗ ನಕ್ಕು, ನಾನ ಕಮಲಾಪುರಕ್ಕ ಬಂದು ನೋಡ್ತೇನಿ ಬಿಡ್ರಿ ಅಂದ್ರು. ಇಳಿಯೋವಾಗ ಮೆಟ್ಟಲ ಎಷ್ಟು ಅದಾವಂತ ನನಗ ಗೊತ್ತಾಗಲಿಲ್ಲ, ಅಷ್ಟು ಖುಷಿ ಆಗಿತ್ತು.

ಎರಡು ದಿನ ಬಿಟ್ಟು ಗುಮಾಸ್ತರ ಫೋನ್ ಬಂತು. ಗುರುವಾರ ಹನ್ನೊಂದಕ್ಕ ಬರ್ತೀವಿ, ಅಷ್ಟು ದೂರ ಬಂದು ಬಾಗಲಿಗೆ ಕೀಲಿ ಇರಬಾರದು, ಪೇಶಂಟು ಅವತ್ತ ಮನ್ಯಾಗ ಇರ್ತಾರೋ ಇಲ್ಲೋ ಕೇಳಿ ಹೇಳ್ರಿ ಅಂದ್ರು. ಕೇಳಬೇಕು ಅಂದ್ರ ಕೇಳಬೇಕು. ಹೋಗಿ ಕೇಳಿದೆ.

ಅಕ್ಕ ಮಾಳಿಗಿ ಜಂತಿ ನೋಡ್ಕೋತ ವಿಚಾರ ಮಾಡಿ, "ಗುರುವಾರ ಏನು? ಬಿಡುವು ಮಾಡ್ಕೋತಾಳಂತ ಹೇಳು," ಅಂದ್ಲು.

ಗುರುವಾರ

ನನ್ನ ತಪ್ಪು ಏನಂದ್ರ, ಡಾಕ್ಟರು ಬರ್ತಾರ ಅಂತ ಓಣ್ಯಾಗ ಹೇಳಿದೆ, ಯಾಕ ಬರ್ತಾರ ಅಂತ ಬಿಡಿಸಿ ಹೇಳಲಿಲ್ಲ. ನಮ್ಮ ಮಂದಿಗೆ ದೊಡ್ಡವರು ಮನಿಗೆ ಬರ್ತಾರ ಅಂದ್ರ ಮುಗೀತು. ಅಕ್ಕನ ಗಂಡ ತಾ ದುಡಿಯೋ ಬಾಳೆಹಣ್ಣಿನ ವಖಾರಿಗೆ ಮೂರು ದಿನ ರಜಾ ಹಾಕಿ ಪಡಸಾಲಿಗೆ ಸುಣ್ಣ ಹೊಡದ. ಆಯಿ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಮಾಡಿದ್ಲು. ಚಾಚಾ ಕೆಂಪು ಬಾಳೆಹಣ್ಣಿನ ಗೊನಿ ತಂದ.

ಗುರುವಾರ ನಾನು ಹೊರಗ ರಸ್ತಾದಾಗ ನಿಂತು, ಜೀಪು ಬಂದ ಮ್ಯಾಲ ಡಾಕ್ಟರನ್ನ, ಗುಮಾಸ್ತರನ್ನ ಕರಕೊಂಡು ಒಳಗ ಬಂದೆ. ಮಾಳಿಗಿ ಇಳದು ಬಂದ ಗುಮಾಸ್ತರಿಗೆ "ಖುದ್ದ ಬಂದ್ರೇನ್ರಿ?" ಅಂತ ಕೇಳೋ ಹುರುಪಿನ್ಯಾಗ ಇದ್ದೆ. ಪಡಸಾಲಿ ನೋಡಿ ನನ್ನ ಬಾಯಿ ಬಂದಾತು. ಮಂಚ ಇಲ್ಲ, ಗಾದಿ ಇಲ್ಲ, ಔಷಧದ ಡಬ್ಬಿ ಇಲ್ಲ. ಎಲ್ಲಾ ಆಯಿ ಮನಿಗೆ ಸಾಗಸ್ಯಾರ. ಅಕ್ಕ ಹಸರ ಇಳಕಲ್ ಸೀರಿ ಉಟ್ಟು, ತಲಿ ತುಂಬ ಮಲ್ಲಿಗಿ ಮುಡಕೊಂಡು, ಕೈಯಿರೋ ಕುರ್ಚಿ ಮ್ಯಾಲ ನೆಟ್ಟಗ ಕುಂತಾಳ.

"ಬರ್ರಿ ಸಾಹೇಬರ, ಕೂಡ್ರಿ," ಅಂದ್ಲು.

ಡಾಕ್ಟರು ಕುಂತ್ರು. ಸುಸಲಾ ತಿಂದ್ರು, ಭಜಿ ತಿಂದ್ರು, ಹಣ್ಣಿನ ಸುದ್ದಿ ಕೇಳಿದ್ರು. ಅಕ್ಕ ನಡುವ ನಡುವ ಇನ್ನೊಂದು ಹಾಕ್ರಿ ಅಂತ ಕೈ ಮಾಡಿ ಹೇಳಾಕತ್ತಿದ್ಲು. ಕೈ ತೊಳಕೊಂಡು ಡಾಕ್ಟರು ಕೇಳಿದ್ರು, "ಆತು, ಪೇಶಂಟ್ ಎಲ್ಲೆದಾರ್ರಿ?"

ಪಡಸಾಲಿ ತುಂಬ ಇದ್ದ ಜನ ಎಲ್ಲಾ ಅಕ್ಕನ ಕಡೆ ನೋಡಿದ್ರು. ಅಕ್ಕ ಸಣ್ಣಗ, "ನಾನ ರೀ," ಅಂದ್ಲು. ನೆಟ್ಟಗ ಕುಂತಾಕಿನ್ನ ನೋಡಿ ಗುಮಾಸ್ತರ ಪೆನ್ನು ನಿಂತುಬಿಡ್ತು. ಇಷ್ಟು ದಿನದ ಓಡಾಟ ಒಂದು ತಾಟು ಭಜಿಗೆ ಹೋತಲ್ಲೋ ದೇವರ ಅಂತ ನನಗ ಅಳು ಬಂದಂಗ ಆತು.

ಆಗ ಚಾಚಾ ಮುಂದ ಬಂದ. ಅಕ್ಕನ ಸೆರಗು ಸರಿಸಿದ. ಸೊಂಟಕ್ಕ, ಎದಿಗೆ ಎರಡು ಧೋತರ ಸುತ್ತಿ ಕುರ್ಚಿಗೆ ಬಿಗದು ಕಟ್ಟಿದ್ರು. ಗಂಟು ಬಿಚ್ಚಿದ ಕೂಡಲೇ ಅಕ್ಕ ಒಂದು ಕಡೆ ವಾಲಿದ್ಲು, ಆಕಿ ಗಂಡ ಓಡಿ ಬಂದು ಹಿಡಕೊಂಡ.

"ತಪ್ಪು ತಿಳಕೋಬ್ಯಾಡ್ರಿ ಸಾಹೇಬರ," ಅಂದ್ಲು ಅಕ್ಕ. "ನಮ್ಮ ಮನಿಗೆ ಮೊದಲನೇ ಸಲ ಬಂದೀರಿ. ನಿಮ್ಮ ಮುಂದ ಮಲಕೊಂಡು ಇರೋದು ಮರ್ಯಾದಿ ಅಲ್ಲ ಅಂತ, ನಾನ ಕಟ್ಟಾಕ ಹೇಳೀನಿ."

ಡಾಕ್ಟರು ತಾವ ಎದ್ದು ಹೋಗಿ ಆಯಿ ಮನ್ಯಾಗಿಂದ ಮಂಚದ ಒಂದು ಕಡೆ ಹಿಡಕೊಂಡು ತಂದ್ರು, ಇನ್ನೊಂದು ಕಡೆ ಗುಮಾಸ್ತರು. ಎಲ್ಲಾರನ್ನ ಹೊರಗ ಕಳಿಸಿ, ಅಕ್ಕನ ಗಂಡನ್ನ ಅಷ್ಟ ಇಟಗೊಂಡು, ಬೆನ್ನು, ಹಳಿ ಹುಣ್ಣಿನ ಗುರುತು, ಕಾಲು ಎಲ್ಲಾ ನೋಡಿದ್ರು. ಮತ್ತ ನಮ್ಮನ್ನ ಒಳಗ ಕರದಾಗ ಕಾಗದಕ್ಕ ಸಹಿ ಹಾಕಾಕತ್ತಿದ್ರು.

"ಅಕ್ಕಾ, ಇದು ಖಾಯಂ ಪ್ರಮಾಣಪತ್ರ," ಅಂದ್ರು. "ಮಾಸಾಶನ ಮತ್ತ ಸುರು ಆಗ್ತದ. ಇನ್ನ ಮ್ಯಾಲ ನೀವು ಎಲ್ಲೂ ಬರೋದು ಬ್ಯಾಡ, ನಿಮ್ಮನ್ನ ನೋಡಾಕ ಯಾರೂ ಬರೋದೂ ಬೇಕಾಗಿಲ್ಲ."

ಅಕ್ಕನ ಗಂಡ ಗ್ವಾಡಿ ಕಡೆ ಮಾರಿ ಮಾಡಿ ಕಣ್ಣು ಒರಸಿಕೊಂಡ. ಚಾಚಾ ಎರಡೂ ಕೈ ಎತ್ತಿ ದುವಾ ಮಾಡಿದ. ನನ್ನ ಕಣ್ಣಾಗೂ ನೀರು ಬಂದ್ವು, ಸುಳ್ಳು ಯಾಕ ಹೇಳ್ಲಿ. ಅಕ್ಕ ಒಬ್ಬಾಕಿನ ಮಾರಿ ಸಣ್ಣದು ಮಾಡಿಕೊಂಡು ಹೊಸಾ ಸುಣ್ಣದ ಗ್ವಾಡಿ ನೋಡಾಕತ್ತಿದ್ಲು. ಯಾಕ ಅಕ್ಕಾ, ಏನಾತು ಅಂತ ಡಾಕ್ಟರು ಕೇಳಿದ್ರು.

"ಸಾಹೇಬರ, ಖಾಯಂ ಬ್ಯಾಡ್ರಿ. ಒಂದ ವರ್ಷದ್ದು ಬರದುಕೊಡ್ರಿ," ಅಂದ್ಲು. "ಅಡಗಿಮನಿಗೆ ಸುಣ್ಣ ಹೊಡೆಯೋದು ಇನ್ನೂ ಉಳದದ."