ಕಿಟ್ಟಿಯ ಕೈಲಿ ಆಗದ ಕೆಲಸ

ಹನುಮಂತನಗರದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಕಿಟ್ಟಿಯ ಕಾರು ಮೈಮೇಲೆ ದೇವರು ಬಂದವರ ಹಾಗೆ ಗಡಗಡ ಅಲ್ಲಾಡಿತು. ಹಿಂದಿನ ಸೀಟಿನಲ್ಲಿದ್ದ ಚೀಲ ಉರುಳಿ, ಟೊಮೆಟೊಗಳೆಲ್ಲ ಸೀಟಿನ ಕೆಳಗೆ ತಲೆಮರೆಸಿಕೊಂಡವು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಾತ್ಯಾಯಿನಿ ಕನ್ನಡಕ ಸರಿಮಾಡಿಕೊಂಡಳು.

"ರೀ, ಇವತ್ತು ಭಾನುವಾರ ಅಂತ ಇದನ್ನ ಬಿಚ್ಚೋಕೆ ಗಿಚ್ಚೋಕೆ ಹೋಗ್ಬೇಡಿ. ನಿಮ್ ಕೈಲಿ ಆಗೋ ಕೆಲ್ಸ ಅಲ್ಲ ಇದು."

ಅಲ್ಲಿವರೆಗೂ ಕಿಟ್ಟಿಗೆ ಕಾರು ಬಿಚ್ಚುವ ಯೋಚನೆಯೇ ಇರಲಿಲ್ಲ. ಬ್ಯಾಂಕಿನಲ್ಲಿ ಬಂದ ಮ್ಯಾನೇಜರುಗಳಿಗೆಲ್ಲ ತಲೆಯಾಡಿಸಿಕೊಂಡೇ ಕಾಲ ಹಾಕಿದವನು ಅವನು. ಆದರೆ ಹನುಮಂತನಗರದ ಗಡಿಯೊಳಗೆ ಕಾಲಿಟ್ಟರೆ ಅದೇ ಕತ್ತು ಬಗ್ಗುತ್ತಿರಲಿಲ್ಲ.

"ಸಂಜೆಯೊಳಗೆ ಇದು ಅಲ್ಲಾಡದ ಹಾಗೆ ಮಾಡ್ತೀನಿ, ನೋಡ್ತಿರು!" ಎಂದ.

ಮನೆ ಮುಂದೆ ಬಾನೆಟ್ ಎತ್ತಿದ. ತಿಥಿಯ ಪಿಂಡಕ್ಕಾದರೂ ಕಾಗೆಗಳನ್ನು ಕರೆಯಬೇಕು. ಬೀದಿಯಲ್ಲಿ ಬಾನೆಟ್ ಎತ್ತಿದರೆ ಯಾರನ್ನೂ ಕರೆಯಬೇಕಾಗಿಲ್ಲ. ಎದುರುಮನೆಯ ಬೈರಣ್ಣ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದೇಬಿಟ್ಟ.

"ಚಕ್ರದ್ದಿರ್ಬೇಕು ಸಾರ್."

"ಚಕ್ರದ್ದಾಗಿದ್ರೆ ಕಾಲು ತೆಗೆದ್ರೂ ಅಲ್ಲಾಡ್ಬೇಕು ಬೈರಣ್ಣ. ಇದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ."

"ನೀವು ಫ್ಯಾನ್ ಕೆಳಗೆ ಕೂತು ಕೆಲ್ಸ ಮಾಡೋರು. ಯಾಕ್ ಸಾರ್ ಸುಮ್ನೆ ಕೈ ಮಸಿ ಮಾಡ್ಕೊಳ್ತೀರಾ? ಆಗಲ್ಲ, ಬಿಡಿ."

ಕಿಟ್ಟಿ ತೋಳು ಮಡಿಸಿದ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಕಿತ್ತ, ಹೊಸವನ್ನು ತಂದು ಕೂರಿಸಿದ, ಒಂದೊಂದಕ್ಕೂ ವೈರು ಚುಚ್ಚಿದ. ಆಮೇಲೆ ಸರ್ಜರಿ ಮುಗಿಸಿದ ಡಾಕ್ಟರ ಗತ್ತಿನಲ್ಲಿ ಒಳಗೆ ಕೂತು ಕೀ ತಿರುಗಿಸಿದ.

ಢಂ!

ಪಕ್ಕದ ಮನೆಯ ಮಹಡಿ ಮೇಲೆ ಮೀನಾಕ್ಷಮ್ಮ ಸಂಡಿಗೆ ಇಡುತ್ತಿದ್ದರು. ಸದ್ದಿಗೆ ಬೆಚ್ಚಿ ಅವರು ಎದ್ದ ರಭಸಕ್ಕೆ, ಮೋಟುಗೋಡೆಯ ಮೇಲಿದ್ದ ಹಿಟ್ಟಿನ ಪಾತ್ರೆ ಮಗುಚಿತು. ಕೆಳಗೆ ನಿಂತಿದ್ದ ಬೈರಣ್ಣ ಕ್ಷಣದಲ್ಲಿ ಅಭಿಷೇಕವಾದ ಲಿಂಗದಂತೆ ಬೆಳ್ಳಗೆ ಹೊಳೆದ.

"ಅಯ್ಯೋ ಕಿಟ್ಟಿ, ನಿನ್ ರಿಪೇರಿಗೆ ಬೆಂಕಿ ಬೀಳ! ಬಿಟ್ಬಿಡೋ, ನಿನ್ ಕೈಲಿ ಆಗಲ್ಲ!" ಮೀನಾಕ್ಷಮ್ಮ ಮೇಲಿಂದ ಕೂಗಿದರು.

"ಆಗತ್ತೆ ಮೀನಾಕ್ಷಮ್ಮ! ನೀವು ನಿಮ್ ಸಂಡಿಗೆ ನೋಡ್ಕೊಳಿ!"

ವೈರುಗಳು ಅದಲುಬದಲಾಗಿದ್ದವು. ಅದನ್ನು ಸರಿಮಾಡಿ ಒಂದು ಸುತ್ತು ಹೋಗಿಬಂದ. ಢಂ ಅನ್ನೋದು ನಿಂತಿತ್ತು. ನಡುಕ ಮಾತ್ರ ಮನೆ ಅಳಿಯನ ಹಾಗೆ ಅಲ್ಲೇ ಠಿಕಾಣಿ ಹೂಡಿತ್ತು. ಬೈರಣ್ಣ ಹಿಟ್ಟು ಒರೆಸಿಕೊಳ್ಳುತ್ತಾ "ನಾನು ಹೇಳ್ಲಿಲ್ವಾ?" ಎಂಬಂತೆ ನೋಡಿದ. ಆ ನೋಟ ಕಿಟ್ಟಿಗೆ ಮೆಣಸಿನಕಾಯಿ ಹೊಗೆಯಂತೆ ಹತ್ತಿತು.

"ಕಾತ್ಯಾಯಿನಿ, ಬಾ ಇಲ್ಲಿ! ಕೂತ್ಕೊ. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳಿ, ಗೇರ್ ಹಾಕು, ಕ್ಲಚ್ ಒಂಚೂರು ಬಿಟ್ಟು ಆಕ್ಸಿಲರೇಟರ್ ಕೊಡು."

"ಊಟ ಆರ್ತಾ ಇದೆ ಕಣ್ರೀ."

"ಇದು ಸರಿಹೋಗೋವರ್ಗೂ ಅನ್ನ ಮುಟ್ಟಲ್ಲ!"

ಕಾತ್ಯಾಯಿನಿ ತುಳಿದಳು. ಕಿಟ್ಟಿ ಪಕ್ಕದಿಂದ ಬಗ್ಗಿ ನೋಡಿದ. ಎಂಜಿನ್ನು ಚಿವುಟಿಸಿಕೊಂಡವರ ಹಾಗೆ ಎದ್ದೆದ್ದು ಕೂರುತ್ತಿತ್ತು! ಅದನ್ನು ಹಿಡಿದಿಟ್ಟುಕೊಳ್ಳಬೇಕಾದ ರಬ್ಬರಿನ ಮೌಂಟು ಹರಿದು ಎರಡಾಗಿತ್ತು.

"ಸಿಕ್ಕಿಬಿದ್ದ ಕಳ್ಳ!" ಎಂದು ಕಿಟ್ಟಿ ಬೀದಿಗೆಲ್ಲ ಕೇಳುವಂತೆ ಕೂಗಿದ.

ಆಮೇಲೆ ಅವನನ್ನು ತಡೆಯುವವರಿರಲಿಲ್ಲ. ಎಂಜಿನ್ನಿನ ಅಡಿಗೆ ಹಲಗೆ ಇಟ್ಟು ಜ್ಯಾಕ್ ಕೊಟ್ಟ, ಹರಿದ ಮೌಂಟು ಬಿಚ್ಚಿದ, ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ವಿಲ್ಸನ್ ಗಾರ್ಡನ್‌ಗೆ ಹೋಗಿ ಅಂಥದ್ದೇ ಹೊಸದು ತಂದು ಕೂರಿಸಿದ. ಮೊಣಕೈ ತರಚಿತು, ಅಂಗಿ ಹರಿಯಿತು, ಬೋಲ್ಟೊಂದು ಮೋರಿಯ ಅಂಚಿನವರೆಗೂ ಓಡಿಹೋಗಿ ನಿಂತಿತು. ಕಿಟ್ಟಿ ಜಗ್ಗಲಿಲ್ಲ.

ಸಂಜೆ ಅದೇ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ತುಳಿದ. ಕಾರು ಎಣ್ಣೆನೀರು ಹಾಕಿಸಿಕೊಂಡ ಕೂಸಿನಂತೆ ಮೆತ್ತಗೆ ಹತ್ತಿಬಿಟ್ಟಿತು. ಕಿಟ್ಟಿ ಹಾರ್ನ್ ಹೊಡೆಯುತ್ತಾ ಬೀದಿಗೆ ಮರಳಿದ.

ಬೈರಣ್ಣನ ಪಕ್ಕ ಹೊಸಬನೊಬ್ಬ ನಿಂತಿದ್ದ.

"ನನ್ ಬಾಮೈದ ಸಾರ್, ಮುತ್ತುರಾಜ. ತಲಘಟ್ಟಪುರದಿಂದ ಬಂದವ್ನೆ."

"ಒಂದ್ ರೌಂಡ್ ಹೋಗ್ಬರೋಣ್ವಾ ಸಾರ್?" ಮುತ್ತುರಾಜ ಕೇಳಿದ.

"ಒಂದ್ಯಾಕೆ, ಎರಡು ಹೋಗೋಣ!" ಕಿಟ್ಟಿ ಹೆಮ್ಮೆಯಿಂದ ಅವನನ್ನೇ ಓಡಿಸಲು ಕೂರಿಸಿದ.

ಸುತ್ತಿ ಬಂದವನೇ ಮುತ್ತುರಾಜ ಕಾತ್ಯಾಯಿನಿಯತ್ತ ತಿರುಗಿದ. "ಸಖತ್ತಾಗಿದೆ ಮೇಡಂ. ಈಗ ಏನೂ ತಕರಾರಿಲ್ಲ, ಕಾರು ನಾನೇ ತಗೋತೀನಿ."

"ತಗೋತೀರಾ? ಯಾರ್ ಕೊಟ್ರು?" ಕಿಟ್ಟಿ ದಂಗಾದ.

"ಹೋದ ವಾರ ನೀವು ಬ್ಯಾಂಕಲ್ಲಿದ್ದಾಗ ಇವ್ರು ಬಂದು ನೋಡಿದ್ರು," ಕಾತ್ಯಾಯಿನಿ ಶಾಂತವಾಗಿ ಹೇಳಿದಳು. "ಅಲ್ಲಾಡೋ ಕಾರು ಬೇಡ ಅಂದ್ರು. ಈ ಕ್ಲಚ್ ತುಳಿದು ತುಳಿದು ನನ್ ಮಂಡಿ ಹೋಯ್ತು, ಗೇರಿಲ್ಲದ ಕಾರು ತಗೊಳ್ಳೋಣ ಅಂತ ಎಷ್ಟು ಬಡ್ಕೊಂಡ್ರೂ ನೀವು ಕೇಳಲ್ಲ. ರಿಪೇರಿ ಮಾಡಿಸಿ ಅಂದ್ರೂ ಮಾಡಿಸಲ್ಲ. ಅದಕ್ಕೇ ಮಾಡ್ಬೇಡಿ ಅಂದೆ."

ಬೈರಣ್ಣ ತಲೆ ಕೆರೆದುಕೊಂಡ. "ನಮ್ಗೂ ಹಂಗೇ ಅನ್ನಿ ಅಂತ ಮೇಡಂ ಹೇಳಿದ್ರು ಸಾರ್. ಹಿಟ್ಟು ಬಿದ್ದಿದ್ದೊಂದು ಪ್ಲಾನಲ್ಲಿರ್ಲಿಲ್ಲ."

ಕಿಟ್ಟಿ ಕಾರಿನೊಳಗೆ ಹೋಗಿ ಕೂತು ಬಾಗಿಲು ಹಾಕಿಕೊಂಡ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಬ್ಬಿದ. "ನಾನ್ ಮಾರಲ್ಲ! ಏನ್ ಮಾಡ್ಕೊಳ್ತೀರೋ ಮಾಡ್ಕೊಳಿ!"

"ಹೋಗ್ಲಿ ಬಿಡಿ ಮುತ್ತುರಾಜು," ಕಾತ್ಯಾಯಿನಿ ನಿಟ್ಟುಸಿರಿಟ್ಟಳು. "ಕೈಯಾರೆ ಸರಿಮಾಡಿದ ಕಾರನ್ನ ನಗ್ತಾ ಇನ್ನೊಬ್ರಿಗೆ ಕೊಡೋಕೆ ಗುಂಡಿಗೆ ಬೇಕು."

ಇದು ಬೋನು ಎಂದು ಕಿಟ್ಟಿಗೆ ಚೆನ್ನಾಗಿ ಗೊತ್ತಿತ್ತು. ತುಟಿ ಕಚ್ಚಿ ಹಿಡಿದ. ಕಣ್ಣು ಮುಚ್ಚಿಕೊಂಡ. ಹತ್ತಿರದ ಗುಡಿಯ ಗಂಟೆಯನ್ನೇ ಮನಸ್ಸಿಟ್ಟು ಕೇಳಿಸಿಕೊಂಡ. ಅಷ್ಟರಲ್ಲಿ ಮಹಡಿಯಿಂದ ಮೀನಾಕ್ಷಮ್ಮನ ದನಿ ಇಳಿದುಬಂತು:

"ಅವನ ಕೈಲೆಲ್ಲಿ ಆಗತ್ತೆ ಬಿಡೇ ಕಾತ್ಯಾಯಿನಿ!"

"ಯಾಕಾಗಲ್ಲ?!" ಕಿಟ್ಟಿ ಗುಡುಗಿಕೊಂಡು ಕೀ ಸಮೇತ ಕಾರಿನಿಂದ ಇಳಿದ.

ತನ್ನ ಕೈ ಏನು ಮಾಡಿತೆಂದು ಅವನಿಗೆ ತಿಳಿಯುವಷ್ಟರಲ್ಲಿ ಮುತ್ತುರಾಜ ಕೀ ಜೇಬಿಗಿಳಿಸಿ, "ಥ್ಯಾಂಕ್ಸ್ ಸಾರ್" ಅಂದಾಗಿತ್ತು.