ಗ್ಯಾಲರಿಯ ಸವತಿ

ನಮ್ಮ ಸೋದರಮಾವನಿಗೆ ಇಬ್ಬರು ಹೆಂಡಿರು. ಡೊಂಬಿವಲಿಯ ಒಂದೇ ಕೋಣೆಯ ಖೋಲಿಯಲ್ಲಿ ಇಬ್ಬರನ್ನೂ ಇಟ್ಟುಕೊಂಡಿದ್ದ. ಹುಬ್ಬೇರಿಸಬೇಡಿ! ಒಬ್ಬಳು ನಮ್ಮ ಮಾಮಿ. ಇನ್ನೊಬ್ಬಳು ಎಕ್ಕದ ಗಿಡ.

ಮಾಮಾನ ಮೊದಲ ಇಬ್ಬರು ಹೆಂಡಿರು ಬೇಗ ತೀರಿಹೋಗಿದ್ದರು. ಮೂರನೆಯವಳಿಗೂ ಕುತ್ತು ಇದೆಯೆಂದು ವಿಜಾಪುರದ ಭಟ್ಟರು ಮೂರನೆಯ ತಾಳಿಯನ್ನು ಎಕ್ಕದ ಗಿಡಕ್ಕೆ ಕಟ್ಟಿಸಿ, ಮಾಮಿಯನ್ನು ನಾಲ್ಕನೆಯವಳಾಗಿ ಮಾಡಿದರು. ಕುತ್ತು ಗಿಡಕ್ಕೆ, ಬಾಳು ಮಾಮಿಗೆ. ಆಮೇಲೆ ಗಿಡವನ್ನು ಮರೆತುಬಿಡುವುದು ಪದ್ಧತಿ. ಈ ಮಹಾಶಯ ಮರೆಯಬೇಕಲ್ಲ! ಬೇರುಸಮೇತ ಅಗೆದು, ಎಣ್ಣೆ ಡಬ್ಬದಲ್ಲಿಟ್ಟು ರೈಲು ಹತ್ತಿಸಿದ. "ಯೇ ಕಿಸಕಾ ಹೈ?" ಎಂದು ಟಿ.ಸಿ. ಕೇಳಿದ್ದಕ್ಕೆ "ಫ್ಯಾಮಿಲಿ" ಎಂದನಂತೆ.

ಬೇರು ಆಳಕ್ಕಿಳಿಯುವ ಜಾತಿ ಅದು. ಡಬ್ಬ ಸಾಲದೆ, ಖೋಲಿಯ ಮುಂದಿನ ಗ್ಯಾಲರಿಯಲ್ಲಿ ಮರಳು ತುಂಬಿದ ದೊಡ್ಡ ಡ್ರಮ್ಮಿಗೆ ಬಡ್ತಿ ಸಿಕ್ಕಿತು. ನಾಲ್ವರು ಹಿಡಿದರೂ ಅಲುಗದು. ಹೋದವರಿಗೆಲ್ಲ ಮಾಮಾನಿಂದ ಅವಳದೇ ವರ್ಣನೆ.

"ಎಲಿ ಮ್ಯಾಲ ಬಿಳಿ ಪುಡಿ ನೋಡೊ. ಎಂಥಾ ಬಿಸಲಿಗೂ ನೀರು ಆರಗೊಡಂಗಿಲ್ಲ. ಮುರದ್ರ ಹಾಲು; ದನಾ ಸೈತ ಬಾಯಿ ಹಾಕಂಗಿಲ್ಲ. ಹೂವಿನ ನಡುವ ಐದು ಮೂಲಿ ಕಿರೀಟ!"

"ಕಿರೀಟದಾಕಿಗೆ ಎದ್ದು ಭಾಂಡೆ ತಿಕ್ಕಾಕ ಹೇಳ್ರಿ" ಎಂದು ಒಳಗಿನಿಂದ ಮಾಮಿ.

ಒಂದು ಶನಿವಾರ ಪಕ್ಕದ ಖೋಲಿಯ ಕಲಬುರಗಿ ಅಜ್ಜಿ ಹನುಮಪ್ಪನ ಹಾರಕ್ಕೆಂದು ನಾಲ್ಕು ಎಲೆ ಕಿತ್ತಳು. ಮಾಮಾ ಬನಿಯನ್ನಿನಲ್ಲೇ ಹೊರಗೆ ಜಿಗಿದ. "ಆಯಿ, ಹನುಮಪ್ಪ ಬ್ರಹ್ಮಚಾರಿ! ನನ್ನ ಹೇಣ್ತಿ ಮೈಮ್ಯಾಗಿಂದು ಅವಗ ಯಾಕ?" ಅಂದಿನಿಂದ ಅಜ್ಜಿ ಎಲೆಗಾಗಿ ಪಕ್ಕದ ಊರು ಕಲ್ಯಾಣಕ್ಕೆ ಹೋಗತೊಡಗಿದಳು.

ಆದರೆ ಬಿಸಿಲುನಾಡಿನ ಗಿಡ ಡೊಂಬಿವಲಿಯ ಮಳೆ ತಾಳೀತೆ? ನೀರು ನಿಂತರೆ ಬೇರು ಕೊಳೆಯುತ್ತದೆ. ಜೂನ್ ಬಂತೆಂದರೆ ಮಾಮಾ ಗ್ಯಾಲರಿಯಲ್ಲಿ ಗಿಡಕ್ಕೆ ಛತ್ರಿ ಕಟ್ಟಿ, ತಾನು ನೆನೆಯುತ್ತ ಸ್ಟೇಷನ್ನಿಗೆ ಓಡುತ್ತಿದ್ದ. ಮನೆಯಲ್ಲಿದ್ದದ್ದು ಅದೊಂದೇ ಛತ್ರಿ! "ನನಗರ ಒಮ್ಮೆ ಹಿಡದೀರೇನ?" ಎಂದು ಮಾಮಿ ಕೇಳಿದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಒಂದು ಜುಲೈನಲ್ಲಿ ಭಾರೀ ಮಳೆಗೆ ಲೋಕಲ್ ರೈಲು ಬಂದ್ ಆಗಿ ಮಾಮಾ ಠಾಣೆ ಊರಿನ ರೈಲು ನಿಲ್ದಾಣದಲ್ಲೇ ಸಿಕ್ಕಿಬಿದ್ದ. ಮಾಮಿ ಒಬ್ಬಳೇ ಇದ್ದಾಳೆಂದು ಹತ್ತಿರದಲ್ಲೇ ಇದ್ದ ನಾನು ಹೋದೆ. ಗಾಳಿಗೆ ಛತ್ರಿಯ ಹಗ್ಗ ಹರಿದಿತ್ತು. ಮಾಮಿ ಎರಡೂ ಕೈಯಲ್ಲಿ ಛತ್ರಿ ಹಿಡಿದು ಗಿಡದ ಮೇಲೆ ಬಾಗಿ ನಿಂತಿದ್ದಳು. ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು.

"ಬಿಡ್ರಿ ಮಾಮಿ, ಹೋದ್ರ ಹೋಗಲಿ. ಸವತಿ ಕಾಟ ತಪ್ಪತೈತಿ!" ಎಂದೆ.

"ನನ್ನ ಸಾವು ಹೊತ್ಕೊಂಡು ನಿಂತಾಕಿ ಈಕಿ. ಹೆಂಗ ಬಿಡ್ಲೊ?" ಎಂದಳು ಮಾಮಿ, ನನ್ನತ್ತ ತಿರುಗದೆ. "ಮತ್ತ ನಿಮ್ಮ ಮಾಮಾ ಇನ್ನೊಮ್ಮೆ ಹೇಣ್ತೀನ ಕಳಕೊಂಡ್ರ ತಡೀತಾರೇನ?"

ಛತ್ರಿಯನ್ನು ಇಸಿದುಕೊಂಡು ಇಬ್ಬರ ಮೇಲೂ ಹಿಡಿದೆ.