ಕಬ್ಬೂರಿನ ಮದುವೆಯಲ್ಲಿ ನನ್ನ ಜಾಝ್

ಚಿಕ್ಕೋಡಿ ತಾಲೂಕಿನಲ್ಲಿ ಜಾಝ್ ಸಂಗೀತ ಬಲ್ಲವನು ನಾನೊಬ್ಬನೇ ಎಂದು ಎಂಬತ್ತರ ದಶಕದ ಕೊನೆಯಲ್ಲಿ ನಾನು ಗಟ್ಟಿಯಾಗಿ ನಂಬಿದ್ದೆ. ಅದರ ಒಂದು ಸ್ವರವನ್ನೂ ಕಿವಿಯಾರೆ ಕೇಳಿರಲಿಲ್ಲ ಎಂಬುದು ಬೇರೆ ಮಾತು. ಆ ವಿಷಯಕ್ಕೆ ಈಗಲೂ ಯಾರಾದರೂ ಕೆಣಕಿದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಕೇಳುವುದು ಯಾರಿಗಾದರೂ ಬರುತ್ತದೆ. ನಾನು ಓದಿದ್ದೆ!

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಮುಂಬೈಯಲ್ಲಿ ಮನೆ ಖಾಲಿ ಮಾಡಿದ ಯಾರೋ ಪುಣ್ಯಾತ್ಮರು ನಮ್ಮ ಗ್ರಂಥಾಲಯಕ್ಕೆ ಒಂದು ಪೆಟ್ಟಿಗೆ ಪುಸ್ತಕ ಕಳಿಸಿದರು. ಅದರಲ್ಲಿ ಮೂರು ದಪ್ಪ ಪುಸ್ತಕಗಳು ಜಾಝ್ ಚರಿತ್ರೆಯವು. ಯಾವ ಕಪಾಟಿಗೆ ಸೇರಿಸಬೇಕೆಂದು ತಿಳಿಯದ ಗ್ರಂಥಪಾಲಕ, "ಮ್ಯಾಲ ಹಿಸ್ಟರಿ ಅಂತ ಐತಿ, ನಿಮ್ಮದ ಇರಬೇಕು ತಗೋರಿ ಸರ," ಎಂದು ಮೂರನ್ನೂ ನನ್ನ ಕೈಗೆ ಹಾಕಿದ. ಬೇಸಿಗೆ ರಜೆಯಿಡೀ ಪೆನ್ಸಿಲ್ ಹಿಡಿದು ಓದಿದೆ. ಅಮೆರಿಕಾದ ಹತ್ತಿ ಹೊಲದಲ್ಲಿ ದುಡಿದ ಗುಲಾಮರ ಮೊಮ್ಮಕ್ಕಳು ಹಿತ್ತಾಳೆಯ ವಾದ್ಯ ಹಿಡಿದು ಹೊಸ ಸಂಗೀತವನ್ನೇ ಕಟ್ಟಿದ ಕಥೆ ಅದು. ಓದಿ ನನಗೆ ಕಣ್ಣು ತುಂಬಿತು. ಸ್ಟಾಫ್ ರೂಮಿನಲ್ಲಿ ಹೇಳಹೊರಟರೆ ಕೇಳುವ ವ್ಯವಧಾನ ಒಬ್ಬರಿಗೂ ಇಲ್ಲ. ಯಾರ ಹೊಲದ ಕಬ್ಬು ಯಾವಾಗ ಕಡಿಯುತ್ತಾರೆ ಎಂಬುದೇ ಅವರ ಮಾತು. ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷವೇ ನನ್ನ ಹೆಂಡತಿ ಸುನಂದಾಳ ತಂಗಿಯ ಮದುವೆ ಗೊತ್ತಾಯಿತು. ಮದುವೆ ಹೆಣ್ಣಿನ ಊರು ಕಬ್ಬೂರಿನಲ್ಲಿ, ಗಂಡಿನವರು ಕಾಗವಾಡದವರು. ನಾನು ಆ ಮನೆಯ ಅಳಿಯನಾಗಿ ಎಂಟು ವರ್ಷವಾದರೂ ಮಾವ ನನಗೆ ಒಂದು ಕೆಲಸ ಹಚ್ಚಿದವರಲ್ಲ. ಹೋದರೆ ಗಾದಿ, ಚಹಾ, ಪೇಪರು. ಪೆಂಡಾಲಿಗೂ ಕಟ್ಟಿಗೆಗೂ ನೆರೆಮನೆಯವರನ್ನು ಕರೆಯುತ್ತಿದ್ದರು. ನನಗೇನು ಕೈಕಾಲು ಇರಲಿಲ್ಲವೇ? ಈ ಸಲ ನಾನೇ ಹಟ ಹಿಡಿದೆ. ಈ ಮನೆಯಲ್ಲಿ ನಾನೂ ಒಂದು ಕೆಲಸಕ್ಕೆ ಬರುವವನು ಎಂದು ತೋರಿಸಲೇಬೇಕಿತ್ತು.

ಮಾವ ಬಹಳ ಹೊತ್ತು ಯೋಚಿಸಿ ಹೇಳಿದರು. "ಬ್ಯಾಂಡಿನವರಿಗೆ ಹೇಳೂದು ನಿಮಗ ಬಿಟ್ಟೀನಿ ಅಳಿಯಾರ. ಅದರಾಗ ಕೆಡಸೂದು ಏನೂ ಇಲ್ಲ."

ಸುನಂದಾಳಿಗೆ ನನ್ನ ಮುಖ ನೋಡಿಯೇ ಅನುಮಾನ ಬಂತು. "ತಾರೀಖು ಹೇಳಿ ಸುಮ್ಮನ ಬರ್ರಿ. ಆ ಪುಸ್ತಕ ಮನ್ಯಾಗ ಇರ್ಲಿ," ಎಂದಳು. ನಾನು ಪುಸ್ತಕ ಬಗಲಲ್ಲಿಟ್ಟುಕೊಂಡೇ ನಿಪ್ಪಾಣಿ ಬಸ್ಸು ಹತ್ತಿದೆ.

ನಿಪ್ಪಾಣಿಯ ಬ್ಯಾಂಡಿಗೆ ದಸ್ತಗೀರ ಮಾಸ್ತರರು ಹಿರಿಯರು. ಕ್ಲಾರಿನೆಟ್ ಊದುವವರು, ಅರವತ್ತರ ಹತ್ತಿರದ ಶಾಂತ ಮನುಷ್ಯ. ಅವರ ದೊಡ್ಡ ಡೋಲಿನ ಮೇಲೆ ಪುಸ್ತಕ ಬಿಡಿಸಿಟ್ಟು, ಟೋಪಿ ಕೋಟು ತೊಟ್ಟು ಬೀದಿಯಲ್ಲಿ ನಡೆಯುತ್ತಿರುವ ಕರಿಯರ ಬ್ಯಾಂಡಿನ ಚಿತ್ರ ತೋರಿಸಿದೆ.

"ಇವರೂ ನಮ್ಮ ಹಂಗ ಬಿಸಿಲಾಗ ಕೋಟ್ ಹಾಕ್ಯಾರಲ್ರಿ ಸರ," ಎಂದರು ಅವರು, ಮರುಕದಿಂದ.

ನಾನು ಪಾಠ ಶುರುಮಾಡಿದೆ. ಚಿತ್ರದಲ್ಲಿರುವ ಆ ಊರಲ್ಲಿ ಹಿರಿಯರು ತೀರಿಕೊಂಡರೆ ಬ್ಯಾಂಡು ನಿಧಾನವಾಗಿ, ಭಾರವಾಗಿ ನುಡಿಸುತ್ತ ಮುಂದೆ ಹೋಗುತ್ತದೆ. ಮಣ್ಣು ಮಾಡಿ ಮರಳುವಾಗ ಒಂದು ತಿರುವಿನಲ್ಲಿ ಒಮ್ಮೆಲೇ ಉಲ್ಲಾಸ ಉಕ್ಕುತ್ತದೆ. ಜಾಝಿನ ಜೀವಾಳವೇ ಅದು.

"ಆದ್ರ ಸರ, ನಮ್ಮದು ಮದಿವಿ."

"ಸಾವು ಬಿಡ್ರಿ ಮಾಸ್ತರ, ಸಂಗೀತ ಅಷ್ಟ ತಗೋರಿ. ಮೊದಲ ನಿಧಾನ. ತಿರುವಿನ್ಯಾಗ ನಾನು ಕರವಸ್ತ್ರ ಬೀಸ್ತೀನಿ, ಆವಾಗ ಜೋರು."

"ನಿಧಾನದ್ದು ನಮ್ಮ ಕಡೆ ಒಂದ ಐತ್ರಿ. ಆದ್ರ ಅದನ್ನ..."

"ಒಂದಿದ್ದರ ಸಾಕು."

"ಸರ, ಅದು ಏನಂದ್ರ..."

"ಪುಸ್ತಕ ಓದಿದಾವ ನಾನೋ, ನೀವೋ?" ಎಂದು ರೇಗಿದೆ. ದಸ್ತಗೀರ ಮಾಸ್ತರರು ಪುಸ್ತಕ ಮಡಚಿ ನನ್ನ ಕೈಗಿಟ್ಟು ತಾರೀಖು ಬರೆದುಕೊಂಡರು.

ಮದುವೆಯ ದಿನ ಮದುಮಗನನ್ನು ಹನುಮಪ್ಪನ ಗುಡಿಯಿಂದ ಪೆಂಡಾಲಿಗೆ ಕರೆತರುವ ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ನಾನು, ಬಗಲಲ್ಲಿ ಪುಸ್ತಕ. ಬ್ಯಾಂಡು ನಿಧಾನವಾಗಿ ಶುರುವಾಯಿತು. ಆಹಾ, ಎಲ್ಲೋ ಕೇಳಿದಂತಿದೆಯಲ್ಲ ಎನ್ನಿಸಿತು. ಶ್ರೇಷ್ಠ ಸಂಗೀತ ಮೊದಲ ಸಲಕ್ಕೇ ಪರಿಚಿತವೆನಿಸುತ್ತದೆ ಎಂದು ನನಗೆ ನಾನೇ ವಿವರಿಸಿಕೊಂಡೆ. ಅಸಲಿಗೆ ಅದು ನಮ್ಮ ಭಾಗದಲ್ಲಿ ಹೆಣದ ಮುಂದೆ ಬಾರಿಸುವ ಧಾಟಿ. ಹುಟ್ಟಿದಾಗಿನಿಂದ ನೂರು ಸಲ ಕೇಳಿದ್ದೆ. ಗುರುತು ಹತ್ತಲಿಲ್ಲ, ನೋಡಿ. ಅಷ್ಟು ಓದಿದ್ದೆ!

ಕಿರಾಣಿ ಅಂಗಡಿಯವನು ಅರ್ಧ ಬಾಗಿಲು ಎಳೆದ. ದರ್ಜಿ ಎದ್ದು ನಿಂತು ಟೋಪಿ ತೆಗೆದ. ಇಬ್ಬರು ಮುದುಕರು ಚಪ್ಪಲಿ ಬಿಟ್ಟು ಹಿಂದೆ ಸೇರಿಕೊಂಡರು. ನಮ್ಮ ಕಡೆ ತೀರಿಕೊಂಡವರನ್ನು ಹೂವಿನ ವಿಮಾನದಲ್ಲಿ ಕೂಡಿಸಿಯೇ ಒಯ್ಯುವ ಪದ್ಧತಿ. ಮದುಮಗನೂ ಹೂವಿನ ಜೀಪಿನಲ್ಲಿ ಕೂತಿದ್ದ, ಹಾರಗಳು ಗದ್ದದವರೆಗೆ ಬಂದಿದ್ದವು, ಬಿಸಿಲಿಗೆ ಕಣ್ಣು ಮುಚ್ಚಿದ್ದ. ಒಬ್ಬ ಮುದುಕಿ ಹತ್ತಿರ ಹೋಗಿ, "ಎಷ್ಟ ಸಣ್ಣ ವಯಸ್ಸೋ ಯಪ್ಪಾ," ಎಂದು ಕೈಮುಗಿದಳು. ಅವನು ಕಣ್ಣು ತೆರೆದು ನೋಡಿದ. ಮುದುಕಿ ಅಲ್ಲೇ ಕುಸಿದಳು.

ಅತ್ತ ಪೆಂಡಾಲಿನಲ್ಲಿ ಆ ಧಾಟಿ ಕೇಳಿಸಿ, ಹೆಣ ದಾಟುವವರೆಗೆ ಒಲೆ ಉರಿಯಬಾರದೆಂದು ಅಡುಗೆಯವರು ಹುಗ್ಗಿಯ ಒಲೆಯಿಂದ ಕಟ್ಟಿಗೆ ಎಳೆದರು. ಗಂಡಿನ ಅಜ್ಜಿ ತಮ್ಮವರಲ್ಲೇ ಯಾರಿಗೋ ಏನೋ ಆಗಿದೆಯೆಂದು ಎದೆ ಬಡಿದುಕೊಂಡು ಅಳತೊಡಗಿದರು. ಮಾವ ಬರಿಗಾಲಲ್ಲಿ ಓಡಿಬಂದರು. ಅಷ್ಟರಲ್ಲಿ ಪೆಂಡಾಲಿನ ಎದುರಿನ ತಿರುವು ಬಂತು. ನಾನು ಕರವಸ್ತ್ರ ಬೀಸಿದೆ.

ಬ್ಯಾಂಡು ಸಿನಿಮಾ ಕುಣಿತದ ಹಾಡನ್ನು ಸಿಡಿಸಿತು. ಅಜ್ಜಿಯ ಅಳು ಮುಗಿಲು ಮುಟ್ಟಿತು. ಗಂಡಿನ ಸೋದರಮಾವ ನನ್ನ ಅಂಗಿ ಹಿಡಿದ. "ಕಾಯ್ ಚೇಷ್ಟಾ ಲಾವಲೀಯ? ಏನ ಚ್ಯಾಷ್ಟಿ ಹಚ್ಚೀರಿ? ನಮ್ಮ ಮುದುಕಿ ಅಳಾಕತ್ತಾಳ, ನೀವು ಕುಣಿಸಾಕತ್ತೀರಿ? ಜೀಪ್ ತಿರುಗಿಸ್ರಿ, ಕಾಗವಾಡಕ್ಕ ಹೋಗೂಣು!"

ಸುಮ್ಮನಿದ್ದಿದ್ದರೆ ಸಾಕಿತ್ತು. ನಾನು ಪುಸ್ತಕ ತೆರೆದೆ. "ನೋಡ್ರಿ, ಅಮೆರಿಕಾದಾಗ ಹೆಣಾ ಮಣ್ಣು ಮಾಡಿ ಬರೂ ಮುಂದ..." ಎಂದು ಆರಂಭಿಸಿದೆ. ಮದುಮಗನ ಎದುರಿಗೆ ಹೆಣ ಎಂಬ ಶಬ್ದವನ್ನು ಮೂರು ಸಲ ಆಡಿದೆನಂತೆ. ಸುನಂದಾ ಎಣಿಸಿದ್ದಾಳೆ.

ದಸ್ತಗೀರ ಮಾಸ್ತರರು ಕ್ಲಾರಿನೆಟ್ ಕಂಕುಳಲ್ಲಿಟ್ಟುಕೊಂಡು ಅಜ್ಜಿಯ ಮುಂದೆ ಬಾಗಿದರು. "ಅವ್ವಾರ, ನಮ್ಮ ಮ್ಯಾಲ ಸಿಟ್ಟಾಗಬ್ಯಾಡ್ರಿ. ಮದುಮಗಗ ದೃಷ್ಟಿ ಆಗಬಾರದು ಅಂತ ಬಾರಿಸಿದ್ವಿ. ಸಾವು ಬಂದು, ನೋಡಿ, ತಿರುಗಿ ಹೋತ್ರಿ. ಈಗ ನಿಮ್ಮ ಮೊಮ್ಮಗನ ಆಯುಷ್ಯ ಗಟ್ಟಿ ಆತು."

ಅಜ್ಜಿ ಕಣ್ಣೊರೆಸಿಕೊಂಡರು. "ಹೌದೇನಪಾ? ಹಂಗಾದ್ರ ಚಲೋ ಮಾಡಿದಿ," ಎಂದರು. ಜೀಪು ಒಳಗೆ ಬಂತು, ಅಕ್ಕಿಕಾಳು ಬಿದ್ದವು, ಹುಗ್ಗಿ ಮಾತ್ರ ಎರಡು ತಾಸು ತಡವಾಯಿತು. ಮದುವೆ ಉಳಿಯಿತಲ್ಲ ಎಂದು ನಾನು ಸಂತೋಷಪಡಬೇಕಿತ್ತು. ಮೂರು ಪುಸ್ತಕಗಳ ಚರಿತ್ರೆಯನ್ನು ಈ ಮನುಷ್ಯ ದೃಷ್ಟಿ ತೆಗೆಯುವುದಕ್ಕೆ ಇಳಿಸಿಬಿಟ್ಟನಲ್ಲ ಎಂದು ಹಲ್ಲು ಕಡಿದೆ.

"ಮೊದಲ ಯಾಕ ಹೇಳಲಿಲ್ಲ?" ಎಂದು ಪೆಂಡಾಲಿನ ಹಿಂದೆ ಅವರ ಮೇಲೆ ಹಾರಿಬಿದ್ದೆ.

"ಮೂರು ಸಲ ಬಾಯಿ ತಗದೆ ಸರ. ನೀವು ಕೇಳಲೇ ಇಲ್ಲ," ಎಂದರು ದಸ್ತಗೀರ ಮಾಸ್ತರರು.

ಮಾವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳವನ್ನಾದರೂ ಆಡಬಹುದಿತ್ತು. ಬಡಿಸಲು ಎದ್ದರೆ, "ಅಳಿಯಾರ, ನೀವು ಕೂಡ್ರಿ," ಎಂದರು. ನೀರು ಹಾಕಲು ತಂಬಿಗೆ ಹಿಡಿದರೆ ಅದನ್ನೂ ಕೈಯಿಂದ ತೆಗೆದುಕೊಂಡರು. ಅವಮಾನದಿಂದ ಆ ದಿನ ನನಗೆ ಊಟವೇ ಸೇರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಬ್ಬೂರಿನಿಂದ ಒಬ್ಬರು ಚಿಕ್ಕೋಡಿಯ ನಮ್ಮ ಮನೆಗೆ ಬಂದರು. "ನಮ್ಮ ಮುತ್ಯಾ ತೀರಿಕೊಂಡಾನ್ರಿ ಸರ," ಎಂದು ಬಾಗಿಲಲ್ಲೇ ನಿಂತರು. "ಬ್ಯಾಂಡಿಗೆ ಯಾರಿಗೆ ಹೇಳೂದಂತ ನಿಮ್ಮ ಮಾವಾರನ್ನ ಕೇಳಿದೆ. ಮದಿವಿಗೆ ಬ್ಯಾಡ, ಇಂಥಾದ್ದಕ್ಕ ನಮ್ಮ ಹಿರೇ ಅಳಿಯಾರನ್ನ ಬಿಟ್ರ ಮತ್ತೊಬ್ಬರಿಲ್ಲ ಅಂತ ಅವರ ಕಳಿಸ್ಯಾರ."

ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಎಂ.ಎ. ಓದಿದವನು, ಪ್ರಾಧ್ಯಾಪಕ, ನನ್ನನ್ನು ಏನೆಂದು ತಿಳಿದಿದ್ದಾರೆ ನಿಮ್ಮ ಊರವರು ಎಂದು ಆ ಬಡಪಾಯಿಯ ಮೇಲೆ ಐದು ನಿಮಿಷ ಕೂಗಾಡಿದೆ.

ಆಮೇಲೆ, ಎಷ್ಟು ಗಂಟೆಗೆ ಹೆಣ ಎತ್ತುತ್ತಾರೆ ಎಂದು ಕೇಳಿ ಚಪ್ಪಲಿ ಮೆಟ್ಟಿಕೊಂಡೆ.